ಬೀಜ ಒಡೆಸಿ ಕಳಿಸಿದ ಚಿಪ್

ನಾನು ಒಂದು ಕಂಪ್ಯೂಟರ್ ಚಿಪ್. ಹುಟ್ಟಿದ್ದು ಸಮುದ್ರದ ನಡುವಿನ ಒಂದು ದ್ವೀಪದಲ್ಲಿ. ಮರಳನ್ನು ಕರಗಿಸಿ, ಸೋಸಿ, ಕನ್ನಡಿಯಂಥ ಬಿಲ್ಲೆ ಮಾಡಿ, ಅದರ ಮೇಲೆ ಬೆಳಕಿನಿಂದ ಗೆರೆ ಕೊರೆದರು. ಒಂದೇ ಬಿಲ್ಲೆಯಿಂದ ನಾವು ಎಷ್ಟೋ ಜನ ಅಣ್ಣತಮ್ಮಂದಿರು ಹೊರಬಂದೆವು. ಯಂತ್ರಗಳಿಗೆ ಬುದ್ಧಿ ಕಲಿಸುವುದು ನಮ್ಮ ಕಸುಬು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಹತ್ತಾರು ಜನ ಸೇರಿ, ಕ್ಷಣಕ್ಷಣಕ್ಕೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಮಾಡಬೇಕು.

ನನ್ನನ್ನು ಕಳಿಸಬೇಕಾಗಿದ್ದುದು ಒಂದು ಎದುರಾಳಿ ದೇಶಕ್ಕೆ. ಪೂರ್ತಿ ಬಲದ ಚಿಪ್ ಅಲ್ಲಿಗೆ ಹೋಗಬಾರದೆಂದು ನಮ್ಮನ್ನು ಮಾಡಿಸಿದ ಕಂಪನಿಯ ದೇಶದ ಸರ್ಕಾರ ಕಟ್ಟಳೆ ಮಾಡಿತ್ತು. ಅದಕ್ಕಾಗಿ, ಒಡಹುಟ್ಟಿದವರ ಜೊತೆ ನಾನು ಮಾತಾಡುವ ದಾರಿಯನ್ನು ಕಿರಿದು ಮಾಡಿದರು. ಅಣ್ಣಂದಿರಿಗೆ ಹೆದ್ದಾರಿ, ನನಗೆ ಕಾಲುದಾರಿ.

ಅಲ್ಲಿನ ಪ್ರಯೋಗಶಾಲೆಯ ಹುಡುಗರು ಮೊದಮೊದಲು ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟರು. ಕೆಲಸ ನಿಂತು ನಿಂತು ಸಾಗಿತು. ಕೆಲವರು ಬಿಟ್ಟೂ ಹೋದರು. ಉಳಿದವರು ಕೆಲಸದ ರೀತಿಯನ್ನೇ ಬದಲಿಸಿ, ಕಡಿಮೆ ಮಾತಾಡಿ ಹೆಚ್ಚು ದುಡಿಯುವುದನ್ನು ನಮಗೆ ಕಲಿಸಿದರು. ಕಡೆಗೆ ಅವರದೇ ನೆಲದಲ್ಲಿ ಹುಟ್ಟಿದ ಚಿಪ್‌ಗಳು ಬಂದು ನನ್ನ ಜಾಗದಲ್ಲಿ ಕೂತವು. ನಾನು ಹಳೆ ಸಾಮಾನಿನ ಜೊತೆ ಕೈ ಬದಲಿಸುತ್ತ ಬೆಂಗಳೂರಿಗೆ ಬಂದೆ. ಅಲ್ಲಿಂದ ಮಳವಳ್ಳಿ ಕಡೆಯ ಕಲ್ಲುಕೊಪ್ಪಲಿನ ಪಶು ಆಸ್ಪತ್ರೆಗೆ ನನ್ನನ್ನು ತಂದವರು ಡಾಕ್ಟರ್ ವನಮಾಲಾ.

ಕಲ್ಲುಕೊಪ್ಪಲು ಕುರಿಗೆ ಹೆಸರಾದ ಊರು. ಕುಳ್ಳು ಕಾಲು, ಪೀಪಾಯಿಯಂಥ ಮೈ. ಮುದ್ದಯ್ಯ ಎಂಬ ಹಿರಿಯರ ತಾತ ಹಿಂದೆ ಒಂದು ಕಟ್ಟಳೆ ಮಾಡಿದ್ದರಂತೆ: ಹೊರಗಿನವರಿಗೆ ಟಗರು ಮಾರುವಾಗ ಬೀಜ ಒಡೆಸಿಯೇ ಹಗ್ಗ ಕೈಗೆ ಕೊಡಬೇಕು. ತಳಿ ಊರಲ್ಲೇ ಉಳಿಯಬೇಕು. ಕೊಂಡವರಿಗೆ ಮಾಂಸ ಸಿಗುತ್ತಿತ್ತು, ಮರಿ ಸಿಗುತ್ತಿರಲಿಲ್ಲ.

ಆದರೆ ಈಚೆಗೆ ಮುದ್ದಯ್ಯನವರ ಕೊಟ್ಟಿಗೆಯಲ್ಲಿ ಹುಟ್ಟಿದ ಮರಿಗಳು ಏಳುತ್ತಿರಲಿಲ್ಲ. ಕೆಚ್ಚಲು ಮುಟ್ಟುವಷ್ಟೂ ಕಾಲಲ್ಲಿ ಕಸುವಿರಲಿಲ್ಲ. ಹೀಗೇ ಆದರೆ ತಾತನ ಕಾಲದ ಹಿಂಡು ತಮ್ಮ ಕೈಯಲ್ಲೇ ಮುಗಿಯುತ್ತದೆಂಬ ಚಿಂತೆ ಅವರನ್ನು ಹಿಡಿದಿತ್ತು. ಯಾವ ಕುರಿಗೆ ಯಾವ ಟಗರು ಬಿಡಬೇಕೆಂದು ಹುಡುಕುವ ಕೆಲಸವನ್ನು ಡಾಕ್ಟರ್ ನನಗೆ ವಹಿಸಿದರು. ಕುರಿಗಳ ಚಿತ್ರ, ನಡಿಗೆ, ತಾಯಿ ತಂದೆಯ ವಿವರ ಎಲ್ಲವನ್ನೂ ಊಡಿದರು. ನಾನು ಮೆಲುಕು ಹಾಕತೊಡಗಿದೆ.

ಮುದ್ದಯ್ಯ ಬಂದು ಬೆಂಚಿನ ಮೇಲೆ ಕೂತರು. "ಏನ್ ಡಾಕ್ಟ್ರವ್ವ, ಇನ್ನೂ ಮುಗೀಲಿಲ್ವಾ? ಇದಕ್ಕಿಂತ ನಮ್ ಮುದಿ ಎತ್ತೇ ವಾಸಿ."

"ಇದರ ತಪ್ಪಲ್ಲ ಮುದ್ದಯ್ಯನೋರೇ. ಬೇರೆ ದೇಶದೋರು ಮುಂದೆ ಬರಬಾರದು ಅಂತ, ಮಾಡಿದೋರೇ ಇದರ ಬಲ ತಗ್ಗಿಸಿ ಕಳಿಸಿದ್ರು."

ಮುದ್ದಯ್ಯ ಮೀಸೆಯಲ್ಲೇ ನಕ್ಕರು. "ಬೀಜ ಒಡೆಸಿ ಕಳ್ಸವ್ರೆ ಅನ್ನಿ. ಜಾಣರು ಕಣವ್ವ."

ನನ್ನ ಜಾತಕವನ್ನು ಯಾರೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

"ಆಮ್ಯಾಕೆ? ಆ ದೇಶದೋರು ಹಿಂದೆ ಬಿದ್ರಾ?"

"ಬಿದ್ರು, ಸ್ವಲ್ಪ ಕಾಲ. ತುಂಬಾ ಕಷ್ಟಪಟ್ರು. ಆಮೇಲೆ ಇರೋದರಲ್ಲೇ ಕೆಲಸ ತೆಗೆಯೋದು ಕಲ್ತರು. ಈಗ ತಾವೇ ಚಿಪ್ ಮಾಡ್ತಾರೆ. ಸಮಕ್ಕೆ ಬಂದಿಲ್ಲ. ಬಾಳ ದೂರವೂ ಉಳಿದಿಲ್ಲ."

"ಹಂಗಾದ್ರೆ ಕಟ್ಟಳೆ ಮಾಡಿದೋರಿಗೆ ಸಿಕ್ಕಿದ್ದು ಒಂದಷ್ಟು ಹೊತ್ತು. ಆ ಹೊತ್ತಲ್ಲಿ ಅವರೇನು ಮಾಡಿದ್ರು?"

"ಕೆಲವರು ಮುಂದಕ್ಕೆ ಓಡಿದ್ರು. ಕೆಲವರು ಬೇಲಿ ಕಾಯ್ತಾ ಕೂತ್ರು."

ಮುದ್ದಯ್ಯನವರ ನಗು ಮೆಲ್ಲಗೆ ಇಳಿಯಿತು.

ನನ್ನ ಉತ್ತರ ಬಂದಾಗ ಡಾಕ್ಟರ್ ಅದನ್ನು ಮರೆಮಾಚದೆ ಹೇಳಿದರು. "ನಿಮ್ಮೂರಲ್ಲಿ ಯಾವ ಟಗರಿಗೂ ಯಾವ ಕುರಿಯೂ ದೂರದ ಸಂಬಂಧ ಅಲ್ಲ. ಎಲ್ಲ ಒಂದೇ ಮನೆ ಮಕ್ಕಳು. ಹೊರಗಿನ ರಕ್ತ ಬೇಕು. ನಾಲೆ ಆಚೆ ಹುಣಸೆದೊಡ್ಡಿ ಕುರಿ ಆಗ್ತದೆ."

"ನಮ್ಮ ತಾತ ಬೇಲಿ ಹಾಕ್ದೆ ಹೋಗಿದ್ರೆ ತಳಿಯೇ ಇರ್ತಿರ್ಲಿಲ್ಲ," ಎಂದರು ಮುದ್ದಯ್ಯ. ಅದೂ ಸುಳ್ಳಲ್ಲ. ಅವರು ಎದ್ದುಹೋದರು.

ಹುಣಸೆದೊಡ್ಡಿಯವರು ನಮ್ಮೂರ ಬೀಜದ ಟಗರಿಗೆ ಕಾದು ಕಾದು ಬೇಸತ್ತು, ತಮ್ಮ ಬಡಕಲು ಕುರಿಗಳಲ್ಲೇ ಒಳ್ಳೆಯ ಮರಿಯನ್ನು ಸಂತೆಗೆ ಒಯ್ಯದೆ ಉಳಿಸಿಕೊಳ್ಳುತ್ತ, ನಿಧಾನವಾಗಿ ಒಂದು ಹಿಂಡು ಕಟ್ಟಿದ್ದರು. ಅವರಲ್ಲಿ ಮುಂದಾಳು ಚಿಕ್ಕತಾಯಮ್ಮ. ಡಾಕ್ಟರ್ ಇಬ್ಬರನ್ನೂ ಆಸ್ಪತ್ರೆಯ ಅಂಗಳಕ್ಕೆ ಕರೆಸಿದರು. ನನ್ನ ಕ್ಯಾಮೆರಾ ಕಿಟಕಿಯಲ್ಲಿತ್ತು.

ಮುದ್ದಯ್ಯ ತಮ್ಮ ಟಗರನ್ನು ತಂದಿದ್ದರು. ಚಿಕ್ಕತಾಯಮ್ಮ ಬಗ್ಗಿ, ಮೊದಲು ಅದರ ಹಿಂಗಾಲ ಸಂದಿಗೆ ಕೈ ಹಾಕಿದರು.

"ಬೇಜಾರಾಗಬ್ಯಾಡ ಮುದ್ದಣ್ಣ. ನಿಮ್ಮೂರ ಟಗರು ಅಂದ್ರೆ ನಮ್ ಕೈ ಮೊದ್ಲು ಅಲ್ಲಿಗೇ ಹೋಯ್ತದೆ."

"ನೋಡ್ಕೊ ತಾಯಿ. ಇಡಿಯಾಗೇ ಅದೆ. ಇದನ್ನ ಇಟ್ಕೊಂಡು ನಿಂದೊಂದು ಕೊಡು."

"ಅದಾಗಲ್ಲ. ನಮ್ಮೂರಲ್ಲೂ ಈಗ ಕಟ್ಟಳೆ ಅದೆ. ಬೀಜದ ಟಗರು ನಾಲೆ ದಾಟಂಗಿಲ್ಲ."

"ಯಾರು ಕಲಿಸಿದ್ದು ಅದನ್ನ ನಿಮ್ಗೆ?"

"ನೀವೇಯ."

ಡಾಕ್ಟರ್ ಬೇರೆ ಕಡೆ ಮುಖ ತಿರುಗಿಸಿಕೊಂಡರು. ಮುದ್ದಯ್ಯ ಟಗರಿನ ಬೆನ್ನು ಸವರುತ್ತ ನಿಂತೇ ಇದ್ದರು. ವಾಪಸು ಹೊಡೆದುಕೊಂಡು ಹೋಗುತ್ತಾರೆಂದು ನಾನು ಲೆಕ್ಕ ಹಾಕಿದ್ದೆ. ನನ್ನ ಲೆಕ್ಕ ತಪ್ಪಿತು. ಅವರು ಹಗ್ಗವನ್ನು ಆಕೆಯ ಕೈಗಿತ್ತರು.

"ಇದು ನಿನ್ ಕೊಟ್ಟಿಗೇಲಿರ್ಲಿ. ನಿನ್ ಟಗರು ದಾಟದು ಬ್ಯಾಡ. ನನ್ ಕುರಿಗಳನ್ನ ನಾನೇ ನಿನ್ ಅಂಗಳಕ್ಕೆ ಹೊಡ್ಕೊಂಡ್ ಬತ್ತೀನಿ."

ಚಿಕ್ಕತಾಯಮ್ಮ ಹಗ್ಗವನ್ನು ಕೈಗೆ ಸುತ್ತಿಕೊಂಡು ಯೋಚಿಸಿದರು. "ಬಾ ಹಂಗಾದ್ರೆ. ಕಟ್ಟಳೇಲಿ ಹೆಣ್ ಕುರಿ ಸುದ್ದಿ ಇಲ್ಲ."

ಬೀಜದ ಟಗರು ಊರು ಬಿಟ್ಟಿತೆಂದು ಕಲ್ಲುಕೊಪ್ಪಲಿನವರು ಮುದ್ದಯ್ಯನವರ ಜೊತೆ ಮಾತು ಬಿಟ್ಟರು. ಅವರು ಮಾತ್ರ ದಿನವೂ ನಾಲೆಯ ಸೇತುವೆ ಮೇಲೆ ಕುರಿ ಹೊಡೆದುಕೊಂಡು ಹೋಗುತ್ತಿದ್ದರು.

ಅಷ್ಟರಲ್ಲಿ ನನಗೆ ಮುಪ್ಪು ಬಂತು. ಫ್ಯಾನು ಕೆಟ್ಟಿತು, ಮೈ ಬಿಸಿಯೇರತೊಡಗಿತು. ಹೊಸ ಚಿಪ್ ಬಂದು ಕ್ಯಾಮೆರಾ ಅದರ ಪಾಲಾಯಿತು. ಈಗ ಜಂತುಹುಳುವಿನ ಔಷಧಿಯ ಬಾಟಲಿಗಳ ಜೊತೆ ಬೀರುವಿನಲ್ಲಿದ್ದೇನೆ. ಯೋಚಿಸಲು ಬೇಕಾದಷ್ಟು ಪುರಸತ್ತು. ನನ್ನ ದಾರಿ ಕಿರಿದು ಮಾಡಿದವರು ಓಟದಲ್ಲಿ ಮುಂದೆಯೇ ಉಳಿದರೇ ಎಂದು ಯಾರಾದರೂ ಕೇಳಿದರೆ, ಒಂದಷ್ಟು ದಿನ ಉಳಿದರು ಎನ್ನುತ್ತೇನೆ. ಕಟ್ಟಳೆ ಕೊಡುವುದು ಆ ದಿನಗಳನ್ನು ಮಾತ್ರ. ದುಡಿಮೆಯನ್ನು ಅದು ಕೊಡಲಾರದು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಂಜಿಕೆ ಯಾರನ್ನೂ ಬಿಟ್ಟಿಲ್ಲ.

ಇವತ್ತು ಬೆಳಿಗ್ಗೆ ಮುದ್ದಯ್ಯನವರ ದನಿ ಕೇಳಿತು. ಬೀರುವಿನ ಬಾಗಿಲು ಮುಚ್ಚಿದ್ದರಿಂದ ಏನೂ ಕಾಣಲಿಲ್ಲ. "ಹುಣಸೆದೊಡ್ಡಿ ಟಗರಿನ ಮರಿ. ಕೆಳಗ್ ಬುಟ್ಟು ನೋಡ್ತೀನಿ ಡಾಕ್ಟ್ರವ್ವ," ಎಂದರು. ಸಿಮೆಂಟ್ ನೆಲದ ಮೇಲೆ ಪುಟ್ಟ ಗೊರಸುಗಳು ಜಾರಿದವು. ಸದ್ದು ನಿಂತಿತು. ಮತ್ತೆ ಜಾರಿದವು. ಆಮೇಲೆ ಟಕಟಕ ಎಂದು ಬೀರುವಿನ ತನಕ ನಡೆದುಬಂದವು.