ಕೆಟ್ಟ ಟಿವಿಗೆಂದು ಬರೆದ ಆಟ

"ಚಿತ್ರ ಮತ್ತೆ ಮೇಲಕ್ಕೇ ಓಡ್ತಿದೆ!" ಎಂದು ಮಗಳು ಮೇಜಿನ ಮೇಲೆ ಅಂಗೈ ಬಡಿದಳು.

ಪಕ್ಕದಲ್ಲೇ ಅಪ್ಪನ ದೇಹ ಮಲಗಿತ್ತು. ನಾಲ್ಕಕ್ಕೆ ಗಾಡಿ ಬರುವುದಿತ್ತು. ಆಗಲೇ ಮೂರೂಕಾಲು. ಸಾವಿನ ಮನೆಯಲ್ಲಿ ಕಂಪ್ಯೂಟರ್ ಹಚ್ಚಿಕೊಂಡು ಕೂತವಳನ್ನು ಬಂದವರು ಕಣ್ಣಲ್ಲೇ ಗದರುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಅಪ್ಪ ಟಿವಿ ಮೆಕ್ಯಾನಿಕ್. ಜೀವಮಾನದಲ್ಲಿ ಒಂದೇ ಒಂದು ವಿಡಿಯೋ ಗೇಮ್ ಬರೆದಿದ್ದ, ಅದೂ ತನ್ನ ಅಕ್ಕನ ಜೊತೆ ಆಡಲೆಂದು. ಅದನ್ನು ಆಡಿಸುವ ಪೆಟ್ಟಿಗೆ ಎಂದೋ ಸುಟ್ಟುಹೋಗಿ, ಆಟ ತುಂಬಿಟ್ಟ ಚಿಪ್ಪಿರುವ ಕಾರ್ಟ್ರಿಜ್ ಮಾತ್ರ ಉಳಿದಿತ್ತು. ಆ ಪೆಟ್ಟಿಗೆಯ ಕೆಲಸವನ್ನೆಲ್ಲ ಕಂಪ್ಯೂಟರೇ ಮಾಡುವಂಥ ಎಮ್ಯುಲೇಟರನ್ನು ಮಗಳು ಎರಡು ವರ್ಷ ಕೂತು ಬರೆದಿದ್ದಳು. ಬೇರೆಯವರ ಆಟಗಳೆಲ್ಲ ಅದರಲ್ಲಿ ಸಲೀಸಾಗಿ ನಡೆದವು, ಅಪ್ಪನದೇ ಕೈಕೊಟ್ಟಿತು. "ಸರಿಮಾಡು, ಅಕ್ಕ ಬಂದಾಗ ತೋರಿಸೋಣ" ಅನ್ನುತ್ತಲೇ ಅವನು ಹೋಗಿಬಿಟ್ಟ. ಅವನು ಈ ಮನೆ ಬಿಡುವುದರೊಳಗೆ ಅದು ನಡೆಯಲೇಬೇಕೆಂದು ಅವಳ ಹಟ.

ಆಗಷ್ಟೇ ರೈಲಿಳಿದು ಬಂದ ಅತ್ತೆ, ತಮ್ಮನ ಮುಖ ನೋಡಿ ಅತ್ತು, ಕಣ್ಣೊರೆಸಿಕೊಳ್ಳುತ್ತ ಪರದೆಯತ್ತ ತಿರುಗಿದಳು.

"ಇದು ನಮ್ಮ ಆಟ ಅಲ್ವೇನೇ?"

"ಹೂಂ ಅತ್ತೆ. ಚಿತ್ರ ನಿಲ್ತಾನೇ ಇಲ್ಲ. ಚಿಪ್ಪು ಹಾಳಾಗಿದೆ ಅಂತಿದ್ರು ಅಪ್ಪ."

"ಚಿಪ್ಪಲ್ಲ ಕಣೇ! ಹಾಳಾಗಿದ್ದು ನಮ್ಮ ಟಿವಿ! ಮರೆತೇಬಿಟ್ನಾ ಅವನು?"

*

ಊರವರ ಟಿವಿಗಳನ್ನೆಲ್ಲ ಸರಿಮಾಡುತ್ತಿದ್ದವನ ಮನೆಯ ಟಿವಿಯಲ್ಲಿ ಚಿತ್ರ ಓಡುತ್ತಲೇ ಇರುತ್ತಿತ್ತು. ಐದು ನಿಮಿಷದ ಕೆಲಸ. ಅವನು ಮಾಡಬೇಕಲ್ಲ! ಆ ಟಿವಿಗೆ ಹೊಂದುವಂತೆ, ಆಟದ ಚಿತ್ರವನ್ನು ಮೂಡಿಸುವ ಅಡ್ಡಗೆರೆಗಳನ್ನೇ ಹೆಚ್ಚಿಸುತ್ತ ಹೋದ. ಪ್ರತಿ ಸಲವೂ ಚಿಪ್ಪನ್ನು ಅಳಿಸಿ ಹೊಸದಾಗಿ ತುಂಬಬೇಕು. ಅಕ್ಕ ಟಿವಿ ಮುಂದೆ ಕೂತು "ಇನ್ನೂ ಓಡ್ತಿದೆ ಕಣೋ" ಅನ್ನುತ್ತಿದ್ದಳು. ಹೀಗೆ ಎಂಟು ದಿನ ಹೆಣಗಿದ ಪುಣ್ಯಾತ್ಮ.

*

"ಅಂದ್ರೆ ಆ ಟಿವಿ ಥರಾನೇ ನನ್ನ ಎಮ್ಯುಲೇಟರನ್ನೂ ಕೆಡಿಸಬೇಕು!" ಅತ್ತೆಯ ಮಾತು ಮುಗಿಯುತ್ತಲೇ ಮಗಳು ಕುರ್ಚಿ ಎಳೆದುಕೊಂಡಳು. ಪರದೆಯ ಗೆರೆಗಳನ್ನು ಒಂದೊಂದಾಗಿ ಏರಿಸಿದಳು.

"ಇನ್ನೂ ಓಡ್ತಿದೆ," ಎಂದಳು ಅತ್ತೆ. "ಇನ್ನೂ... ನಿಂತ್ಬಿಡ್ತು! ನಿಂತ್ಬಿಡ್ತು ಕಣೇ!"

ಗದರುತ್ತಿದ್ದವರೆಲ್ಲ ಕುರ್ಚಿಯ ಹಿಂದೆ ಮುಗಿಬಿದ್ದರು. ಆಚೀಚೆ ಎರಡು ಪಟ್ಟಿ, ನಡುವೆ ಒಂದು ಚೆಂಡು. ಅತ್ತೆ ಕೀಗಳನ್ನೊತ್ತಿ ಬಲಗಡೆಯ ಪಟ್ಟಿಯಿಂದ ಚೆಂಡನ್ನು ಬಾರಿಸಿದಳು. ಅದು ಎಡಕ್ಕೆ ಹೊರಟಿತು.

"ಅಯ್ಯೋ, ಆ ಕಡೆ ಯಾರೂ ಇಲ್ವಲ್ರೀ!" ಎಂದ ಪಕ್ಕದ ಮನೆಯ ದರ್ಜಿ.

ಎಡಗಡೆಯ ಪಟ್ಟಿ ತಾನಾಗಿ ಜಾರಿತು. ಚೆಂಡು ತಿರುಗಿ ಬಂತು. ಎಲ್ಲರೂ ಹೋ ಎಂದರು.

"ನಾನು ಮುಟ್ಟಿಲ್ಲ ಅತ್ತೆ!"

"ಅವನೇ ಬರೆದಿಟ್ಟಿದ್ದು," ಅತ್ತೆಗೆ ನಗುವೂ ಅಳುವೂ ಒಟ್ಟಿಗೇ ಬಂದವು. "'ನಾನು ಅಂಗಡೀಲಿದ್ದಾಗ ನೀನೊಬ್ಳೇ ಆಡ್ಕೋ ಅಕ್ಕಾ, ಈ ಪಟ್ಟಿ ನನ್ನ ಹಾಗೇ ಆಡತ್ತೆ' ಅಂದಿದ್ದ."

"ಗಾಡಿ ಬಂದಿದೆ, ಹೊರಡೋಣ್ವಾ?" ಡ್ರೈವರ್ ಬಾಗಿಲಲ್ಲಿ ನಿಂತು ಕೇಳಿದ.

"ಒಂದ್ನಿಮಿಷ ಇರಪ್ಪ," ಅತ್ತೆ ಪರದೆಯಿಂದ ಕಣ್ಣು ಕೀಳಲಿಲ್ಲ. "ಅವನಿನ್ನೂ ಆಡ್ತಿದಾನೆ."

ಡ್ರೈವರ್ ಒಳಗೆ ಬಂದು ದರ್ಜಿಯ ಹೆಗಲ ಮೇಲಿಂದ ಇಣುಕಿದ. ಎಡಗಡೆಯ ಪಟ್ಟಿ ಸರ್ರನೆ ಮೂಲೆಗೆ ಇಳಿದು ಚೆಂಡನ್ನು ಅಕ್ಕನ ಕಡೆಗೆ ಬಾರಿಸಿತು.