ಈ ಅರಳಿ ಯಾವ ಅರಳಿ?

ಪಾಣೆಮಂಗಳೂರಿನ ಬಟ್ಟೆ ಅಂಗಡಿಯ ಸನತ್‌ಕುಮಾರರಿಗೆ ಬಾಯಿಹುಣ್ಣು. ಖಾರ ಮುಟ್ಟುವಂತಿಲ್ಲ. ಗಿರಾಕಿಗಳ ದನಿ ಅನುಕರಿಸಿ ನಗಿಸುವಂತೆಯೂ ಇಲ್ಲ.

“ಮನೆಗೆ ಎಷ್ಟು ಶಾಂತಿ!” ಎಂದಳು ಹೆಂಡತಿ ಕಮಲಾವತಿ. ಆದರೆ ನಗುವಿಲ್ಲದ ಮನೆ ಅವಳಿಗೂ ಬೇಸರವೇ.

ಮಧ್ಯಾಹ್ನ ನೇತ್ರಾವತಿಯ ಕಡೆಯಿಂದ ತಂಗಾಳಿ ಬೀಸಿತು. ಅಂಗಳದ ಮೂಲೆಯ ಗಿಡದಲ್ಲಿ ನಸುಗೆಂಪು ಗೊಂಚಲುಗಳು ಮೆಲ್ಲನೆ ತೂಗಿದವು, ಬೆಳಗಿನ ಜಾವದ ಕನಸೊಂದು ಎದ್ದುಹೋಗಲು ಮರೆತು ಅಲ್ಲೇ ಕುಳಿತಂತೆ. ಪಕ್ಕದ ಮನೆಯ ಖತೀಜಮ್ಮ ಉಪ್ಪಳದ ಅಕ್ಕನ ಮನೆಯಿಂದ ಗೆಲ್ಲು ತಂದುಕೊಟ್ಟು, “ಅರಳಿ” ಎಂದು ಹೆಸರು ಹೇಳಿದ್ದರು.

“ಅರಳಿದರೆ ಅರಳಿ, ಅರಳದಿದ್ದರೆ ಮರಳಿ ನಿಮ್ಮಲ್ಲಿಗೇ!” ಎಂದಿದ್ದರು ಸನತ್‌ಕುಮಾರ.

ಜಗಲಿಯಲ್ಲಿ ಸನತ್‌ಕುಮಾರರಿಗೆ ಅರೆನಿದ್ದೆ. ಕೈಯಲ್ಲಿದ್ದ ಮೊಬೈಲಿನ ವಿಡಿಯೋ ಹೇಳಿತು: “ಅರಳಿಯ ಚಿಗುರು ಕುದಿಸಿ ಕುಡಿಯಿರಿ, ಬಾಯಿಹುಣ್ಣು ಮಾಯ!”

ಅರಳಿ ಅಂಗಳದಲ್ಲೇ ಉಂಟಲ್ಲ! ಅವರು ಚಿಗುರು ಚಿವುಟಿ ಕುದಿಸಿ, ಲೋಟ ಹಿಡಿದು ಜಗಲಿಗೆ ಬಂದರು. ಅಷ್ಟರಲ್ಲಿ ಖತೀಜಮ್ಮ ಬಂದು ಕಮಲಾವತಿಯ ಜೊತೆ ಕುಳಿತಿದ್ದರು.

“ಕಾಫಿಯಾ ಸನತಣ್ಣ?”

“ಅಲ್ಲ, ನಿಮ್ಮ ಅರಳಿಯ ಕಷಾಯ.” ಸನತ್‌ಕುಮಾರರು ನೋವಿನಲ್ಲೂ ವಿಡಿಯೋದವನ ದನಿ ತೆಗೆದರು: “ಹುಣ್ಣು ಮಾಯ!”

“ಯಾ ಅಲ್ಲಾ! ಕೆಳಗಿಡಿ! ಕುಡಿದಿರಾ?”

“ಇಲ್ಲ ಮಾರಾಯ್ರೆ, ಬಿಸಿ ಉಂಟು.”

“ಮಾಯ ಆಗುವುದು ಹುಣ್ಣಲ್ಲ, ನೀವು! ಅದರ ಎಲೆ, ಹೂ, ಬೇರು ಎಲ್ಲ ವಿಷ. ಹೃದಯದ ಬಡಿತವೇ ತಪ್ಪುತ್ತದೆ. ಅಕ್ಕನ ಆಡು ಅದನ್ನೇ ತಿಂದು ಸತ್ತದ್ದು.”

“ವಿಡಿಯೋದಲ್ಲಿ ಅರಳಿ ಅಂತಲೇ ಹೇಳಿದ್ದು!”

“ಅವರ ಅರಳಿಯನ್ನು ತೋರಿಸಿ ನೋಡುವ.”

ಪರದೆಯ ಮೇಲೆ ಹೃದಯದಾಕಾರದ, ತುದಿಗೆ ಬಾಲವಿದ್ದ ಎಲೆ ಅಲುಗಿತು.

“ಇದು ಅಶ್ವತ್ಥ ಅಲ್ವಾ!” ಎಂದಳು ಕಮಲಾವತಿ.

“ಹೌದು. ಘಟ್ಟದ ಮೇಲಿನವರಿಗೆ ಅಶ್ವತ್ಥವೇ ಅರಳಿ. ಅಕ್ಕನ ಊರಿನ ಮಲಯಾಳದಲ್ಲಿ ಈ ಕಣಗಿಲೆಯೇ ಅರಳಿ. ಎಲೆ ನೋಡಿ, ಒಂದೊಂದು ಗೆಣ್ಣಿಗೆ ಮೂರು ಮೂರು. ಉದ್ದ, ಕಿರಿದು, ದಪ್ಪ, ನಡುವೆ ಒಂದೇ ನೇರ ನರ.”

ಸನತ್‌ಕುಮಾರರು ಲೋಟವನ್ನು ಇನ್ನಷ್ಟು ದೂರ ಸರಿಸಿದರು. ಹೂ ಮಾತ್ರ ಏನೂ ಅರಿಯದಂತೆ ತೂಗುತ್ತಿತ್ತು.

“ಕಿತ್ತು ಬಿಸಾಡುವ,” ಎಂದರು. ಕಮಲಾವತಿಯ ಮುಖ ಬಾಡಿತು.

“ಯಾಕೆ?” ಎಂದರು ಖತೀಜಮ್ಮ. “ಬಿಸಿಲು, ನೀರು ನಿಲ್ಲದ ಮಣ್ಣು ಇದ್ದರೆ ವರ್ಷವಿಡೀ ಹಸಿರು. ಗೆಲ್ಲು ಕತ್ತರಿಸುವಾಗ ಕೈಗವಸು ಹಾಕಿ, ಮತ್ತೆ ಸಾಬೂನಿನಲ್ಲಿ ಕೈ ತೊಳೆಯಿರಿ. ಕತ್ತರಿಸಿದ್ದನ್ನು ಸುಡಬೇಡಿ, ಹೊಗೆಯೂ ವಿಷ. ದನಕ್ಕೂ ಸಿಗಬಾರದು.”

ಕಮಲಾವತಿ ಕಷಾಯವನ್ನು ಗುಂಡಿಗೆ ಸುರಿದು ಮಣ್ಣು ಮುಚ್ಚಿದಳು. “ಅಂಗಿ ಹಾಕಿ. ಹುಣ್ಣನ್ನು ಡಾಕ್ಟರಿಗೆ ತೋರಿಸುವ.”

ಸನತ್‌ಕುಮಾರರು ಸಾಬೂನಿನಲ್ಲಿ ಕೈ ತೊಳೆದು, ಅಂಗಿ ಹಾಕಿ ಹೊರಟರು.

ನಿಮ್ಮ ಅಂಗಳದಲ್ಲೂ ಕಣಗಿಲೆ ಇರಬಹುದು. ಹೆಸರು ನಂಬಿ ಕಷಾಯ ಕುದಿಸಬೇಡಿ. ಗಿಡ ಕೊಡುವಾಗ ಹೆಸರಿನ ಜೊತೆ ಗುಣವನ್ನೂ ಹೇಳಿ. ಯಾರಾದರೂ ತಿಂದರೆ ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಕರೆ ಮಾಡಿ, ಗಿಡದ ತುಣುಕನ್ನು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿ. ಅಂಗಳದಲ್ಲಿ ಹೂ ಅರಳಲಿ, ಮನೆಯಲ್ಲಿ ಯಾರೂ ನರಳದಿರಲಿ.