ಚಿಟಿಕೆಯ ತೂಕ

ನಮ್ಮ ನಾಯಿಮರಿಗೆ ಚಿಟಿಕೆ ಎಂದು ಹೆಸರಿಟ್ಟವರು ಅತ್ತೆ. ಎರಡು ತಿಂಗಳ ಮರಿಯಾಗಿ ಬಂದಾಗಲೇ ಆ ಹೆಸರು ಸ್ವಲ್ಪ ಬಿಗಿಯಾಗಿತ್ತು. ಗ್ರೇಟ್ ಡೇನ್ ಜಾತಿ. ನಾಲ್ಕು ತಿಂಗಳಿಗೆ ಅದು ಸೋಫಾದಲ್ಲಿ ಮಲಗಿದರೆ ಮನೆಗೆ ಬಂದವರು ನಿಂತೇ ಮಾತಾಡಬೇಕಿತ್ತು.

ದೊಡ್ಡ ಜಾತಿಯ ಮರಿ ಬೇಗ ಬೇಗ ತೂಕ ಹೆಚ್ಚಿಸಿಕೊಂಡರೆ ಎಳೆಯ ಕೀಲುಗಳು ಕೆಡುತ್ತವೆ ಎಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ನನಗೆ ಅಷ್ಟು ಸಾಕಾಯಿತು. ಫ್ರಿಜ್ಜಿನ ಬಾಗಿಲಿಗೆ ಚಾರ್ಟ್ ಅಂಟಿಸಿದೆ. ಪ್ರತಿ ಭಾನುವಾರ ಚಿಟಿಕೆಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುವುದು, ನನ್ನ ತೂಕ ಕಳೆಯುವುದು, ಚುಕ್ಕಿ ಇಡುವುದು. ಮೂರು ವಾರದ ಹಿಂದೆ ನನ್ನ ಸೊಂಟ ಹಿಡಿದುಕೊಂಡಿತು. ಎತ್ತುವ ಕೆಲಸ ನಮ್ಮವರಿಗೆ ಹೋಯಿತು.

"ನಿಮ್ಮ ತೂಕ ಎಷ್ಟು?" ಎಂದು ಕೇಳಿದ್ದೆ.

"ಎಪ್ಪತ್ತೆರಡು. ಮದುವೆ ದಿನದಿಂದ ಒಂದು ಗ್ರಾಂ ಆಚೀಚೆ ಆಗಿಲ್ಲ."

ಆ ವಾರವೇ ಗೆರೆ ಮಿತಿ ದಾಟಿ ಹಾರಿತು. ಊಟದಲ್ಲಿ ಅರ್ಧ ಲೋಟ ಕಡಿಮೆ ಮಾಡಿದೆ. ಗೆರೆ ಇಳಿಯಲಿಲ್ಲ. ಇನ್ನರ್ಧ ಲೋಟ ಕಡಿಮೆ ಮಾಡಿದೆ. ಚಿಟಿಕೆ ಖಾಲಿ ತಟ್ಟೆ ಕಚ್ಚಿಕೊಂಡು ಕೋಣೆಯಿಂದ ಕೋಣೆಗೆ ಮೆರವಣಿಗೆ ಹೊರಟಿತು.

"ಕೂಸಿನ ಹೊಟ್ಟೆಗೆ ಹೊಡೀತಿದ್ದೀಯಲ್ಲೇ!" ಎಂದರು ಅತ್ತೆ.

"ಕಾಲು ಸೊಟ್ಟಗಾದ್ರೆ ನೀವು ಎತ್ಕೊಂಡು ತಿರುಗ್ತೀರಾ ಅತ್ತೆ?"

ಈ ಭಾನುವಾರ ಲೆಕ್ಕ ಇಪ್ಪತ್ತೆಂಟಕ್ಕೆ ಬಂದಾಗ ತಡೆಯಲಾರದೆ ಸೋಮವಾರ ಬೆಳಿಗ್ಗೆಯೇ ಮೂವರೂ ಚಿಟಿಕೆಯೊಡನೆ ಕ್ಲಿನಿಕ್ಕಿಗೆ ಓಡಿದೆವು. ಅಲ್ಲಿನ ತೂಕದ ಹಲಗೆ ನೆಲಕ್ಕೆ ಸಮವಾಗಿತ್ತು. ನಮ್ಮವರು ಅಭ್ಯಾಸಬಲದಿಂದ ಮರಿಯನ್ನು ಎತ್ತಿಕೊಂಡು ಹತ್ತಿದರು.

"ನೀವ್ಯಾಕೆ ಸರ್? ಅದೊಂದೇ ನಿಲ್ಲತ್ತೆ, ಇಳೀರಿ," ಎಂದರು ಡಾಕ್ಟರಮ್ಮ.

ಚಿಟಿಕೆ ಒಂದೇ ನಿಂತಿತು. ಇಪ್ಪತ್ತೆರಡು.

"ಇಪ್ಪತ್ತೆಂಟು ಇರ್ಬೇಕಲ್ಲ!" ಎಂದು ನಾನು ಫ್ರಿಜ್ಜಿನಿಂದ ಕಿತ್ತು ತಂದಿದ್ದ ಚಾರ್ಟ್ ಮುಂದೆ ಹಿಡಿದೆ.

ಡಾಕ್ಟರಮ್ಮ ಮರಿಯ ಪಕ್ಕೆ ಸವರಿದರು, ಕಾಲುಗಳನ್ನು ಮಡಚಿ ಬಿಡಿಸಿದರು. "ಕೀಲು ಚೆನ್ನಾಗಿವೆ. ಪಕ್ಕೆಲುಬು ಕೈಗೆ ಸಿಗತ್ತೆ, ಇನ್ನೂ ತೆಳ್ಳಗಾಗೋದು ಬೇಡ. ಮೊದಲಿನಷ್ಟೇ ಊಟ ಹಾಕಿ." ಆಮೇಲೆ ಚಾರ್ಟಿನ ಮೇಲೆ ಬೆರಳಿಟ್ಟರು. "ಇಲ್ಲೀವರೆಗೂ ಗೆರೆ ಸರಿಯಾಗಿದೆ. ಇಲ್ಲಿಂದ ಎತ್ತಿದ್ದು ಯಾರು?"

ನಮ್ಮವರು ಗೋಡೆಯ ಮೇಲಿನ ಬೆಕ್ಕಿನ ಹಲ್ಲುಗಳ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ್ದರು.

"ಹತ್ತೋ," ಎಂದರು ಅತ್ತೆ.

"ಅಮ್ಮಾ, ಇದು ಪ್ರಾಣಿಗಳದ್ದು."

"ಅದಕ್ಕೇ ಹತ್ತು ಅಂದಿದ್ದು."

ಅವರು ಶೂ ಬಿಚ್ಚಿದರು. ಬೆಲ್ಟ್ ಬಿಚ್ಚಿದರು. ಮೊಬೈಲು, ಬೀಗದ ಕೈ, ಕೊನೆಗೆ ಕನ್ನಡಕವನ್ನೂ ನನ್ನ ಕೈಗಿಟ್ಟು, ಉಸಿರು ಬಿಗಿಹಿಡಿದು ಹತ್ತಿದರು.

ಎಪ್ಪತ್ತೆಂಟು.

ಮೂರು ವಾರದಿಂದ ಎದೆಯಲ್ಲಿ ಹೊತ್ತಿದ್ದ ಭಯವೆಲ್ಲ ನಗುವಾಗಿ ಉಕ್ಕಿತು. ಹಿಡಿದ ಸೊಂಟದೊಡನೆ ನೆಲದ ಮೇಲೇ ಕುಳಿತುಬಿಟ್ಟೆ. ಡಾಕ್ಟರಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ಏನೆಂದು ತಿಳಿಯದ ಚಿಟಿಕೆ ಎಲ್ಲರ ಮುಖವನ್ನೂ ಸರದಿಯಂತೆ ನೆಕ್ಕಿತು.

ಮನೆಗೆ ಬಂದವಳೇ ಅಳತೆಯ ಲೋಟ ತುಂಬಿ ತುಂಬಿ ಸುರಿದೆ. ಚಿಟಿಕೆ ತಟ್ಟೆಯ ಸಮೇತ ಅಡುಗೆಮನೆಯ ಆ ತುದಿಗೆ ಜಾರಿತು. ಚಾರ್ಟನ್ನು ಮತ್ತೆ ಫ್ರಿಜ್ಜಿಗೆ ಅಂಟಿಸಿ, ಕೊನೆಯ ಮೂರು ಚುಕ್ಕಿ ಅಳಿಸಿ, ಕೆಂಪು ಪೆನ್ನಿನಲ್ಲಿ ಹೊಸ ಗೆರೆಯೊಂದನ್ನು ಎಪ್ಪತ್ತೆಂಟರಿಂದ ಶುರುಮಾಡಿದೆ. ನಮ್ಮವರು ಫ್ರಿಜ್ಜಿನ ಹಿಡಿಯ ಮೇಲಿಟ್ಟಿದ್ದ ಕೈಯನ್ನು ಮೆಲ್ಲನೆ ಹಿಂದೆ ತೆಗೆದುಕೊಂಡರು.

"ಅವನ ಪಕ್ಕೆಲುಬು ಕೈಗೆ ಸಿಗತ್ತಾ ನೋಡೇ," ಎಂದರು ಅತ್ತೆ.